ಒಂದು ಸಿನಿಮಾಕ್ಕೆ ಒಂದು ಬಿಲ್ಲು: ಬ್ರಿಟನ್ನಿನ ಕೇಬಲ್ ಟಿವಿ ಮತ್ತು ಪೇ-ಪರ್-ವ್ಯೂ, ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಈ ದೇಶಕ್ಕೆ ಬಂದಾಗ ನೆಟ್‌ಫ್ಲಿಕ್ಸ್ ಇನ್ನೂ ಇಲ್ಲಿಗೆ ಕಾಲಿಟ್ಟಿರಲಿಲ್ಲ. ಶುಕ್ರವಾರ ರಾತ್ರಿ ಸಿನಿಮಾ ನೋಡಬೇಕೆಂದರೆ ಬೀದಿ ತುದಿಯ ವಿಡಿಯೋ ಅಂಗಡಿಗೆ ಹೋಗಬೇಕು, ಇಲ್ಲವೇ ಟಿವಿ ಕೆಳಗಿನ ಕರಿ ಪೆಟ್ಟಿಗೆಯಲ್ಲಿ ಮೂರೂವರೆ ಪೌಂಡಿನ ಗುಂಡಿ ಒತ್ತಬೇಕು. ಆ ಗುಂಡಿಯ ಹಿಂದೆ ಏನಿತ್ತು ಎಂದು ಈಚೆಗೆ ಬಂದವರು ಕೇಳುತ್ತಿರುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಪೇ-ಪರ್-ವ್ಯೂ ಅಂದರೆ ಏನು? ಸ್ಕೈ ಮೂವೀಸ್‌ಗೂ ದುಡ್ಡು ಕೊಡಬೇಕಿತ್ತಲ್ಲ?

ಕೊಡಬೇಕಿತ್ತು, ಆದರೆ ಡಿಶ್ ಟಿವಿ ಕಂಪನಿ ಸ್ಕೈನ ಆ ಸಿನಿಮಾ ಚಾನೆಲ್‌ಗಳಿಗೆ ತಿಂಗಳ ಚಂದಾ. ಮೆಸ್ಸಿನ ಊಟದ ಹಾಗೆ: ಉಂಡರೂ ಬಿಟ್ಟರೂ ತಿಂಗಳ ಕೊನೆಗೆ ಲೆಕ್ಕ ಅಷ್ಟೇ. ಪೇ-ಪರ್-ವ್ಯೂ ಹೋಟೆಲಿನ ತಟ್ಟೆ ಇದ್ದ ಹಾಗೆ. ಒಂದು ಸಿನಿಮಾ ಆರಿಸಿದರೆ ಆ ಒಂದರ ದುಡ್ಡು ಮಾತ್ರ. ಏನೂ ನೋಡದ ತಿಂಗಳಲ್ಲಿ ಬಿಲ್ಲಿನಲ್ಲಿ ಆ ಸಾಲೇ ಇರುವುದಿಲ್ಲ.

ಬ್ರಿಟನ್ನಿನ ಕೇಬಲ್ ಅಂದರೆ ನಮ್ಮ ಬೀದಿಯ ಕೇಬಲ್‌ನವನ ಥರವೇ?

ಅಲ್ಲ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಮಹಡಿಯ ಮೇಲೆ ಡಿಶ್ ಇಟ್ಟು, ತೆಂಗಿನ ಮರದಿಂದ ಕರೆಂಟ್ ಕಂಬಕ್ಕೆ ವೈರ್ ಎಳೆದು, ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬಂದು ದುಡ್ಡು ಇಸಿದುಕೊಂಡು ಹೋಗುತ್ತಿದ್ದರು. ಇಲ್ಲಿ ಸರ್ಕಾರ ಊರೂರಿಗೆ ಪರವಾನಗಿ ಹಂಚಿತು. 1984ರ ಕೇಬಲ್ ಕಾಯ್ದೆಯ ಅಡಿ ಒಂದು ಕೇಬಲ್ ಪ್ರಾಧಿಕಾರವೇ ಹುಟ್ಟಿತು. ಅದೇ ವರ್ಷ ಸ್ವಿಂಡನ್‌ನಲ್ಲಿ ಹೊಸ ಬಗೆಯ ಕೇಬಲ್ ಶುರುವಾಯಿತು. 1991ರಲ್ಲಿ ಕೇಬಲ್ ಕಂಪನಿಗಳು ಟೆಲಿಫೋನ್ ಕೂಡ ಕೊಡಬಹುದು ಎಂದಾದ ಮೇಲೆ ಅಮೆರಿಕ, ಕೆನಡಾದ ದುಡ್ಡು ಹರಿದು ಬಂತು. ನೈನೆಕ್ಸ್, ಕಾಮ್‌ಕಾಸ್ಟ್, ವಿಡಿಯೋಟ್ರಾನ್, ಟೆಲಿವೆಸ್ಟ್ ಎಲ್ಲ ಸೇರಿ ಫುಟ್‌ಪಾತ್ ಅಗೆದವು.

ಆ ಅಗೆತದ ಗುರುತು ಈಗಲೂ ಇದೆ. ಹಳೆಯ ಬಡಾವಣೆಯ ಫುಟ್‌ಪಾತ್ ಮೇಲೆ ನಡೆಯುವಾಗ ಕೆಳಗೆ ನೋಡಿ. ಒಂದಡಿ ಅಗಲದ, ಬೇರೆ ಬಣ್ಣದ ಡಾಂಬರಿನ ಪಟ್ಟಿ ಹರಿದು ಹೋಗಿರುತ್ತದೆ, ಪ್ರತಿ ಮನೆಯ ಗೇಟಿಗೂ ಒಂದು ಕವಲು ಒಡೆದಿರುತ್ತದೆ. ತುದಿಯಲ್ಲೊಂದು ಹಸಿರು ಕಬ್ಬಿಣದ ಪೆಟ್ಟಿಗೆ. ಅಲ್ಲಿಯವರೆಗೆ ಫೈಬರ್, ಅಲ್ಲಿಂದ ಮನೆಗೆ ತಾಮ್ರ. ಟಿವಿಯ ದಪ್ಪ ತಂತಿ, ಫೋನಿನ ಸಣ್ಣ ತಂತಿ, ಎರಡೂ ಅಂಟಿಕೊಂಡ ಅವಳಿ. ಇಷ್ಟೆಲ್ಲ ಅಗೆದೂ ದೇಶದ ಸುಮಾರು ಅರ್ಧದಷ್ಟು ಮನೆಗಳ ಮುಂದೆ ಮಾತ್ರ ತಂತಿ ಹಾಯ್ದುಹೋಯಿತು. ಉಳಿದವರಿಗೆ ಸ್ಕೈ ಡಿಶ್ಶೇ ಗತಿ.

ನಾಣ್ಯ ಹಾಕಿ ಸಿನಿಮಾ ನೋಡುವ ಟಿವಿ ಇತ್ತಂತೆ, ಹೌದೆ?

ಹೌದು. ಪೇ-ಪರ್-ವ್ಯೂ ತೊಂಬತ್ತರ ದಶಕದ ಶೋಧ ಎಂದುಕೊಂಡವರಿಗೆ ನಾನು ಮೊದಲು ಹೇಳುವ ಕಥೆಯೇ ಇದು. 1966ರ ಜನವರಿಯಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮತ್ತು ಸದರ್ಕ್ ಭಾಗಗಳಲ್ಲಿ ಪೇ-ಟಿವಿ ಲಿಮಿಟೆಡ್ ಎಂಬ ಕಂಪನಿ ತಂತಿಯ ಮೂಲಕ ಸಿನಿಮಾ, ಆಟೋಟ ತೋರಿಸಲು ಪ್ರಯೋಗ ಶುರುಮಾಡಿತು. ಟಿವಿ ಪಕ್ಕದಲ್ಲೊಂದು ನಾಣ್ಯದ ಡಬ್ಬಿ, ಕಾಸು ಹಾಕಿದರೆ ಚಿತ್ರ. ಬ್ರಿಟಿಷರಿಗೆ ಅದೇನೂ ವಿಚಿತ್ರವಾಗಿ ಕಂಡಿರಲಾರದು. ಆಗಿನ ಬಾಡಿಗೆ ಮನೆಗಳಲ್ಲಿ ಗ್ಯಾಸಿಗೂ ಕರೆಂಟಿಗೂ ಶಿಲ್ಲಿಂಗ್ ಹಾಕುವ ಮೀಟರ್ ಇರುತ್ತಿತ್ತು.

ಇದಕ್ಕೆ ಮುಂಚೆ, 1962ರಲ್ಲಿ, ಟಿವಿ, ರೇಡಿಯೋ ಬಗ್ಗೆ ಸರ್ಕಾರ ನೇಮಿಸಿದ್ದ ಪಿಲ್ಕಿಂಗ್ಟನ್ ಸಮಿತಿ ದುಡ್ಡು ಕೊಟ್ಟು ನೋಡುವ ಟಿವಿಯೇ ಬೇಡ ಎಂದಿತ್ತು. ಸರ್ಕಾರ ಪರೀಕ್ಷೆಗೆಂದು ಒಪ್ಪಿತು, ಆದರೆ ಬೆಳೆಯಲು ಬಿಡಲಿಲ್ಲ. 1968ರಲ್ಲಿ ಅಂಗಡಿ ಮುಚ್ಚಿತು. ಬಿಡಿ ಸಿನಿಮಾ ಮಾರುವ ಕೆಲಸ ಕೇಬಲ್ಲಿಗೆ ಮರಳಿ ಬರಲು ಮೂವತ್ತು ವರ್ಷ ಹಿಡಿಯಿತು.

ಫ್ರಂಟ್ ರೋ ಅಂದರೆ ಯಾರದು?

ಕೇಬಲ್ ಕಂಪನಿಗಳೇ ಕೂಡಿ ಕಟ್ಟಿದ ಪೇ-ಪರ್-ವ್ಯೂ ಸೇವೆ. 1998ರಲ್ಲಿ ಶುರುವಾಯಿತು. ಟೆಲಿವೆಸ್ಟ್ ಮತ್ತು ಎನ್‌ಟಿಎಲ್ ಎಂಬ ಎರಡು ಹೆಸರು ನೆನಪಿಟ್ಟುಕೊಂಡರೆ ಸಾಕು, ಉಳಿದವುಗಳನ್ನು ಕೊನೆಗೆ ಈ ಎರಡೇ ನುಂಗಿದವು. ಹೆಸರು ಥಿಯೇಟರಿನ ಮುಂದಿನ ಸಾಲಿನದು. ನಮ್ಮೂರಿನ ಟಾಕೀಸಿನಲ್ಲಿ ಮುಂದಿನ ಸಾಲು ಅಂದರೆ ಗಾಂಧಿ ಕ್ಲಾಸ್, ಅತಿ ಅಗ್ಗದ ಟಿಕೆಟ್, ಕತ್ತು ನೋವು ಉಚಿತ. ಇವರಿಗೆ ಅದು ಗತ್ತಿನ ಹೆಸರು.

ಅದಕ್ಕೆ ಕೆಲವೇ ತಿಂಗಳ ಮುಂಚೆ, 1997ರ ಡಿಸೆಂಬರ್‌ನಲ್ಲಿ, ಸ್ಕೈ ತನ್ನ ಡಿಶ್ ಗ್ರಾಹಕರಿಗೆ ಸ್ಕೈ ಬಾಕ್ಸ್ ಆಫೀಸ್ ಎಂಬ ಅಂಥದ್ದೇ ಸೇವೆ ತೆರೆದಿತ್ತು. ಫ್ರಂಟ್ ರೋ ಕೇಬಲ್ಲಿನ ಉತ್ತರ.

ಒಳ್ಳೆಯ ಸಿನಿಮಾ ಎಲ್ಲ ಸ್ಕೈ ಕೈಯಲ್ಲೇ ಇತ್ತು ಅಂತಾರೆ. ಹಾಗಿದ್ದರೆ ಕೇಬಲ್‌ನವರಿಗೆ ಹೇಗೆ ಸಿಕ್ಕಿತು?

ಇದು ನಿಜಕ್ಕೂ ಕೇಳಬೇಕಾದ ಪ್ರಶ್ನೆ. ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಒಂದು ಹಾಲಿವುಡ್ ಸಿನಿಮಾವನ್ನು ಸ್ಟುಡಿಯೋ ಒಂದೇ ಸಲ ಮಾರುವುದಿಲ್ಲ. ಹೋಳು ಮಾಡಿ ಮಾರುತ್ತದೆ: ಮೊದಲು ಥಿಯೇಟರ್, ಆಮೇಲೆ ವಿಡಿಯೋ ಅಂಗಡಿ, ಆಮೇಲೆ ಪೇ-ಪರ್-ವ್ಯೂ, ಆಮೇಲೆ ಚಂದಾ ಚಾನೆಲ್, ಎಲ್ಲ ಮುಗಿದ ಮೇಲೆ ಬಿಬಿಸಿ, ಐಟಿವಿ ಥರದ ಪುಕ್ಕಟೆ ಚಾನೆಲ್. ಒಂದೊಂದು ಹೋಳಿಗೂ ಬೇರೆ ಒಪ್ಪಂದ, ಬೇರೆ ಗಡುವು.

ಚಂದಾ ಚಾನೆಲ್ಲಿನ ಹೋಳನ್ನು ಸ್ಕೈ ಬಿಗಿಯಾಗಿ ಹಿಡಿದುಕೊಂಡಿತ್ತು. ಆರೂ ದೊಡ್ಡ ಸ್ಟುಡಿಯೋಗಳ ಜೊತೆ ಅದರದ್ದೇ ಒಪ್ಪಂದ, ಬೇರೆಯವರಿಗೆ ಪ್ರವೇಶವಿಲ್ಲ. ಕೇಬಲ್ ಕಂಪನಿ ತನ್ನ ಗ್ರಾಹಕನಿಗೆ ಸಿನಿಮಾ ಚಾನೆಲ್ ಕೊಡಬೇಕಾದರೆ ಸ್ಕೈನಿಂದಲೇ ಸಗಟು ಬೆಲೆಗೆ ಕೊಳ್ಳಬೇಕು. ಎದುರಂಗಡಿಯವನ ಹತ್ತಿರ ಅಕ್ಕಿ ತಂದು ನಮ್ಮ ಅಂಗಡಿಯಲ್ಲಿ ಮಾರಿದ ಹಾಗೆ. ಲಾಭವೆಷ್ಟು ಉಳಿಯಬೇಕು ಎಂದು ತೀರ್ಮಾನಿಸುವವನು ಅವನೇ.

ಪೇ-ಪರ್-ವ್ಯೂ ಹೋಳನ್ನು ಮಾತ್ರ ಸ್ಟುಡಿಯೋಗಳು ಯಾರೊಬ್ಬರಿಗೂ ಪೂರ್ತಿ ಬರೆದುಕೊಡಲಿಲ್ಲ. ಪ್ರತಿ ಮಾರಾಟದಲ್ಲೂ ಅವುಗಳಿಗೆ ಪಾಲು ಬರುತ್ತಿದ್ದರಿಂದ ಅಂಗಡಿಗಳು ಹೆಚ್ಚಿದಷ್ಟೂ ಅವುಗಳಿಗೇ ಲಾಭ. ಹಾಗಾಗಿ ಸ್ಕೈಗೂ ಕೊಟ್ಟವು, ಕೇಬಲ್‌ಗೂ ಕೊಟ್ಟವು. ಹೊಸ ಸಿನಿಮಾದ ವಿಷಯದಲ್ಲಿ ಸ್ಕೈ ಮುಂದೆ ಕೈಚಾಚದೆ ಕೇಬಲ್‌ನವರು ನೇರವಾಗಿ ಸ್ಟುಡಿಯೋ ಜೊತೆ ಕೂತು ಮಾತಾಡಬಹುದಾಗಿದ್ದ ಜಾಗ ಇದೊಂದೇ. ಫ್ರಂಟ್ ರೋ ದೊಡ್ಡ ದುಡ್ಡು ಮಾಡದಿದ್ದರೂ ಕೇಬಲ್ ಕಂಪನಿಗಳು ಅದನ್ನು ಕೈಬಿಡದೆ, ಹೆಸರು ಬದಲಿಸಿ, ರೂಪ ಬದಲಿಸಿ ಹಿಡಿದುಕೊಂಡೇ ಬಂದದ್ದು ಇದಕ್ಕೇ ಎಂದು ನನ್ನ ಎಣಿಕೆ.

ಸರಬರಾಜು ಮಾಡುವವನೇ ಪ್ರತಿಸ್ಪರ್ಧಿಯಾದರೆ ಏನಾಗುತ್ತದೆ ಎಂಬುದು 2007ರ ಮಾರ್ಚ್ 1ರಂದು ಎಲ್ಲರಿಗೂ ಕಂಡಿತು. ದರದ ಜಗಳ ಬಗೆಹರಿಯದೆ ಸ್ಕೈ ಒನ್, ಸ್ಕೈ ನ್ಯೂಸ್ ಚಾನೆಲ್‌ಗಳು ಕೇಬಲ್ಲಿನಿಂದ ಮಾಯವಾದವು. ಮರಳಿ ಬಂದದ್ದು 2008ರ ನವೆಂಬರ್‌ನಲ್ಲಿ. ಆ ಇಪ್ಪತ್ತು ತಿಂಗಳೂ ಬಾಡಿಗೆ ಸಿನಿಮಾದ ಅಂಗಡಿ ತೆರೆದೇ ಇತ್ತು. ಅದಕ್ಕೆ ಸ್ಕೈ ಒಪ್ಪಿಗೆ ಬೇಕಿರಲಿಲ್ಲ.

ಆರ್ಡರ್ ಮಾಡುವುದು ಹೇಗಿತ್ತು?

ಅನಲಾಗ್ ಕಾಲದಲ್ಲಿ ಸಾಮಾನ್ಯವಾಗಿ ಫೋನ್ ಮಾಡಿ. ಟಿವಿಯಲ್ಲೊಂದು ನಂಬರ್ ಬರುತ್ತದೆ, ಒತ್ತಿದರೆ ಯಂತ್ರ ಮಾತಾಡುತ್ತದೆ, ಸಿನಿಮಾದ ಸಂಖ್ಯೆ ಒತ್ತಿದರೆ ಮುಗಿಯಿತು. ಫೋನೂ ಅದೇ ಕಂಪನಿಯದಾದ್ದರಿಂದ ಯಾವ ಮನೆಯಿಂದ ಕರೆ ಬಂತು ಎಂದು ಗುರುತಿಸುವುದು ಅದಕ್ಕೆ ಸುಲಭ. ಆ ಮನೆಯ ಬಾಕ್ಸಿಗೆ ಅನುಮತಿ ಹೋಗಿ, ಗೀಚಿದಂತಿದ್ದ ಪರದೆ ತಿಳಿಯಾಗುತ್ತಿತ್ತು.

ಡಿಜಿಟಲ್ ಬಂದ ಮೇಲೆ ರಿಮೋಟ್ ಸಾಕಾಯಿತು. ಇಲ್ಲಿ ಕೇಬಲ್‌ಗೆ ಡಿಶ್ ಮೇಲೆ ಒಂದು ಗೆಲುವಿತ್ತು. ಡಿಶ್ ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ. ಸ್ಕೈ ಡಿಜಿಟಲ್ ಬಾಕ್ಸ್ ತನ್ನ ಲೆಕ್ಕ ಒಪ್ಪಿಸಲು ಗೋಡೆಯ ಟೆಲಿಫೋನ್ ಸಾಕೆಟ್ಟಿಗೆ ವೈರ್ ಚುಚ್ಚಿಕೊಂಡಿರಬೇಕಿತ್ತು. ಹಜಾರದುದ್ದಕ್ಕೂ ಕಾರ್ಪೆಟ್ ಅಂಚಿನಲ್ಲಿ ತೂರಿಸಿದ ಬಿಳಿ ವೈರ್ ಕಂಡರೆ ಆ ಮನೆಯಲ್ಲಿ ಸ್ಕೈ ಇದೆ ಎಂದು ಹೇಳಬಹುದಿತ್ತು. ಕೇಬಲ್ಲಿನ ತಂತಿ ಎರಡೂ ಕಡೆ ಮಾತಾಡುತ್ತಿತ್ತು.

ಸಿನಿಮಾ ಶುರುವಾಗಲು ನಿಗದಿಯ ಹೊತ್ತು ಯಾಕೆ? ಬೇಕೆಂದಾಗ ಶುರು ಮಾಡಲು ಆಗುತ್ತಿರಲಿಲ್ಲವೇ?

ಮೊದಮೊದಲು ಆಗುತ್ತಿರಲಿಲ್ಲ. ಆಗ ಇದ್ದದ್ದು ಥಿಯೇಟರಿನ ಆಟಗಳ ಹಾಗೆ. ಒಂದೇ ಸಿನಿಮಾವನ್ನು ಹಲವು ಚಾನೆಲ್‌ಗಳಲ್ಲಿ ಸ್ವಲ್ಪ ಸ್ವಲ್ಪ ತಡವಾಗಿ ಶುರುಮಾಡುವುದು. ಲೆಕ್ಕ ಹಾಕೋಣ. ಎರಡು ಗಂಟೆಯ ಸಿನಿಮಾ ಅರ್ಧ ಗಂಟೆಗೊಮ್ಮೆ ಶುರುವಾಗಬೇಕಾದರೆ ನಾಲ್ಕು ಚಾನೆಲ್ ಬೇಕು. ಕಾಲು ಗಂಟೆಗೊಮ್ಮೆ ಎಂದರೆ ಎಂಟು. ಹತ್ತು ಸಿನಿಮಾ, ಅರ್ಧ ಗಂಟೆಗೊಮ್ಮೆ ಅಂದರೆ ನಲವತ್ತು ಚಾನೆಲ್.

ಅನಲಾಗ್ ತಂತಿಯಲ್ಲಿ ಒಂದು ಚಾನೆಲ್‌ಗೆ 8 ಮೆಗಾಹರ್ಟ್ಸ್ ಜಾಗ ಬೇಕು. ನಲವತ್ತು ಚಾನೆಲ್ ಬರೀ ಬಾಡಿಗೆ ಸಿನಿಮಾಕ್ಕೆ ಕೊಟ್ಟರೆ ಬಿಬಿಸಿಗೆ ಎಲ್ಲಿ ಜಾಗ? ಹಾಗಾಗಿ ಆಗ ಬೆರಳೆಣಿಕೆಯ ಚಾನೆಲ್, ಬೆರಳೆಣಿಕೆಯ ಸಿನಿಮಾ. ಡಿಜಿಟಲ್ ಬಂದಾಗ ಅದೇ 8 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಹಿಡಿಸಿತು. ಒಂದು ಸಿನಿಮಾಕ್ಕೆ ನಾಲ್ಕು ಮೆಗಾಬಿಟ್ ಎಂದಿಟ್ಟುಕೊಂಡರೆ ಒಂದು ಚಾನೆಲ್ಲಿನ ಜಾಗದಲ್ಲಿ ಒಂಬತ್ತು. ನಲವತ್ತು ಚಾನೆಲ್ ಐದೇ ಜಾಗದಲ್ಲಿ ಕೂತವು. ಕೇಬಲ್ ಡಿಜಿಟಲ್ ಆದದ್ದು 1999ರಿಂದ. ಕೇಬಲ್ ಅಂಡ್ ವೈರ್‌ಲೆಸ್ ಮೊದಲು ಮ್ಯಾಂಚೆಸ್ಟರ್ ಕಡೆ ಶುರುಮಾಡಿತು, ಟೆಲಿವೆಸ್ಟ್ ಮತ್ತು ಎನ್‌ಟಿಎಲ್ ಹಿಂದೆ ಬಂದವು.

ಇದರ ಒಂದು ಸಣ್ಣ ಕಷ್ಟ ನಮ್ಮ ಮನೆಯಲ್ಲಿ ಪ್ರತಿ ವಾರ. ಎಂಟೂವರೆಯ ಆಟಕ್ಕೆ ಅನ್ನ ಆಗಿರುವುದಿಲ್ಲ, ಒಂಬತ್ತರ ಆಟಕ್ಕೆ ಕುಕ್ಕರ್ ಮೂರನೇ ಸೀಟಿ ಹೊಡೆಯುತ್ತಿರುತ್ತದೆ. ನಿಲ್ಲಿಸಲು ಬರುವುದಿಲ್ಲ. ಬಾತ್‌ರೂಮಿಗೆ ಹೋದರೆ ಹೋಯಿತು, ನಾಯಕಿ ಸತ್ತಿರುತ್ತಾಳೆ. ತಪ್ಪಿಹೋದ ಭಾಗ ನೋಡಬೇಕಾದರೆ ಅರ್ಧ ಗಂಟೆ ಹಿಂದೆ ಓಡುತ್ತಿರುವ ಪಕ್ಕದ ಚಾನೆಲ್ಲಿಗೆ ಹೋಗಬೇಕು. ಕೊಟ್ಟ ದುಡ್ಡು ಆ ಸಿನಿಮಾದ ಎಲ್ಲ ಆಟಗಳಿಗೋ, ಒಂದೇ ಆಟಕ್ಕೋ ಎಂಬುದರ ಮೇಲೆ ಅದು ನಡೆಯುವುದೋ ಬಿಡುವುದೋ.

ಎಷ್ಟು ದುಡ್ಡು? ಅಂಗಡಿಗಿಂತ ಅಗ್ಗವೇ?

ಹೊಸ ಸಿನಿಮಾ ಮೂರರಿಂದ ನಾಲ್ಕು ಪೌಂಡಿನೊಳಗೆ. ಹಳೆಯವು ಇನ್ನೂ ಕಡಿಮೆ. ವಿಡಿಯೋ ಅಂಗಡಿಯ ಬಾಡಿಗೆಯೂ ಹತ್ತಿರ ಹತ್ತಿರ ಅಷ್ಟೇ. ಆದರೆ ಅಂಗಡಿಯ ನಿಜವಾದ ಬೆಲೆ ಮರುದಿನ ಗೊತ್ತಾಗುತ್ತಿತ್ತು. ಹಿಂತಿರುಗಿಸುವುದು ಮರೆತರೆ ದಂಡ. ಮಳೆಯಲ್ಲಿ ನೆನೆಯುತ್ತ, ಮುಚ್ಚಿದ ಅಂಗಡಿಯ ಬಾಗಿಲಿನ ಕಿಂಡಿಯೊಳಗೆ ಕ್ಯಾಸೆಟ್ ತೂರಿಸಿ ಬಂದವರಿಗೆ ಕೇಬಲ್ಲಿನ ಸುಖ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಅಂಗಡಿಗೂ ಅದರದ್ದೇ ಒಂದು ಬಲವಿತ್ತು. ಗೋಡೆ ತುಂಬ ಸಿನಿಮಾ, ಮತ್ತು ಯಾವುದು ನೋಡಲು ಲಾಯಕ್ಕಿಲ್ಲ ಎಂದು ಮುಲಾಜಿಲ್ಲದೆ ಹೇಳುವ ಹುಡುಗ ಕೌಂಟರಿನಲ್ಲಿ. ಕೇಬಲ್ಲಿನ ಮೆನುವಿನಲ್ಲಿ ಎಲ್ಲ ಸಿನಿಮಾವೂ ಅದ್ಭುತವೇ. ಕಾಸಿಗೆ ತಕ್ಕ ಕಜ್ಜಾಯ ಎಂದುಕೊಂಡು ಒತ್ತಬೇಕು.

ಹೊಸ ಸಿನಿಮಾ ಕೇಬಲ್ಲಿಗೆ ಯಾವಾಗ ಬರುತ್ತಿತ್ತು?

ಅಂಗಡಿಗೆ ಬಂದ ಮೇಲೆ, ಸ್ಕೈ ಮೂವೀಸ್‌ಗೆ ಬರುವ ಮುಂಚೆ. ಪೇ-ಪರ್-ವ್ಯೂನ ದೊಡ್ಡ ದೌರ್ಬಲ್ಯ ಇದೇ. ಎಲ್ಲರೂ ಅಂಗಡಿಯಿಂದ ತಂದು ನೋಡಿ ಮುಗಿಸಿ, ಆಫೀಸಿನಲ್ಲಿ ಕಥೆ ಹೇಳಿ ಕೆಡಿಸಿದ ಮೇಲೆ ಕೇಬಲ್ಲಿನಲ್ಲಿ ಬಿಡುಗಡೆ. ಡಿವಿಡಿ ಬಾಡಿಗೆಯ ವ್ಯಾಪಾರ ಇಳಿಯುತ್ತ ಹೋದಂತೆ ಸ್ಟುಡಿಯೋಗಳ ಬಿಗಿಯೂ ಸಡಿಲವಾಯಿತು. ಕೊನೆಗೆ ಅನೇಕ ಸಿನಿಮಾಗಳು ಡಿವಿಡಿ ಅಂಗಡಿಗೆ ಬಂದ ದಿನವೇ ಕೇಬಲ್ಲಿಗೂ ಬಂದವು.

ಮಕ್ಕಳು ಗುಂಡಿ ಒತ್ತಿಬಿಟ್ಟರೆ?

ಅದಕ್ಕೇ ನಾಲ್ಕಂಕಿಯ ಪಿನ್. ಖರೀದಿಗೂ ಪಿನ್, ವಯಸ್ಸಿಗೂ ಪಿನ್.

ಇಲ್ಲಿ ಸಿನಿಮಾಗಳಿಗೆ ಬಿಬಿಎಫ್‌ಸಿ ಎಂಬ ಮಂಡಳಿ ಯು, ಪಿಜಿ, 12, 15, 18 ಎಂದು ದರ್ಜೆ ಕೊಡುತ್ತದೆ. ಮಾಮೂಲಿ ಟಿವಿಯಲ್ಲಿ ದೊಡ್ಡವರಿಗೆ ಮಾತ್ರ ಸರಿಹೊಂದುವಂಥದ್ದು ರಾತ್ರಿ ಒಂಬತ್ತರ ನಂತರವೇ ಬರಬೇಕು. ಪೇ-ಪರ್-ವ್ಯೂಗೆ ಮಾತ್ರ ವಿನಾಯಿತಿ: 18ರ ದರ್ಜೆಯ ಸಿನಿಮಾವನ್ನು ಹಗಲಲ್ಲೂ ತೋರಿಸಬಹುದು, ಆದರೆ ಪಿನ್ ಕಾವಲು ಇರಲೇಬೇಕು. 2003ರ ಕೊನೆಗೆ ಹಳೆಯ ಟಿವಿ ನಿಯಂತ್ರಕ ಐಟಿಸಿಯ ಜಾಗಕ್ಕೆ ಬಂದ ಆಫ್‌ಕಾಮ್ ತನ್ನ ನಿಯಮಾವಳಿಯಲ್ಲಿ ಇನ್ನೊಂದು ಷರತ್ತನ್ನೂ ಬರೆಯಿತು. ಏನು ನೋಡಿದಿರಿ, ಯಾವ ದಿನ, ಎಷ್ಟು ಹೊತ್ತಿಗೆ ಎಂಬುದೆಲ್ಲ ಬಿಲ್ಲಿನಲ್ಲಿ ಬಿಡಿಬಿಡಿಯಾಗಿ ಇರಬೇಕು. ಹಸಿ ಕಾಮದ ಚಿತ್ರಗಳಿಗೆ ಕೊಡುವ ಆರ್18 ಎಂಬ ದರ್ಜೆಯದಕ್ಕೆ ಟಿವಿಯಲ್ಲಿ ಯಾವ ಹೊತ್ತಿನಲ್ಲೂ ಜಾಗವಿಲ್ಲ.

ಆ ಬಿಡಿಬಿಡಿ ಬಿಲ್ಲಿನ ಮಹಿಮೆ ನಾನು ಕಣ್ಣಾರೆ ಕಂಡಿದ್ದೇನೆ. ಲಂಡನ್ನಿನ ಪಶ್ಚಿಮಕ್ಕೆ ಒಂದು ಊರಿನಲ್ಲಿ ನಾವು ನಾಲ್ವರು ಹುಡುಗರು ಒಂದು ಮನೆ ಹಂಚಿಕೊಂಡಿದ್ದೆವು. ಬಿಲ್ಲು ನನ್ನ ಹೆಸರಲ್ಲಿ. ಒಂದು ತಿಂಗಳು ಎರಡನೇ ಪುಟದಲ್ಲಿ ಆರು ಸಾಲು ಹೆಚ್ಚಿದ್ದವು. ಎಲ್ಲವೂ ಮಂಗಳವಾರ ಮಧ್ಯಾಹ್ನ, ಎರಡು ಗಂಟೆಯ ಆಸುಪಾಸು. ಮಂಗಳವಾರ ಮಧ್ಯಾಹ್ನ ನಾಲ್ವರೂ ಆಫೀಸಿನಲ್ಲಿ. ಕಂಪನಿಗೆ ಫೋನ್ ಮಾಡಿ ಜೋರು ಮಾಡಬೇಕೆಂದು ಬಿಲ್ಲು ಮಡಚಿ ಕಿಸೆಯಲ್ಲಿಟ್ಟುಕೊಂಡೆ. ಅಷ್ಟರಲ್ಲಿ ದಾವಣಗೆರೆಯ ಹುಡುಗ ಅನ್ನ ಕಲಸುತ್ತ ತಲೆ ಎತ್ತದೆ ಹೇಳಿದ, "ಅಣ್ಣಾ, ಮಂಗಳವಾರ ನನಗೆ ಮನೆಯಿಂದ ಕೆಲಸ." ಪಿನ್ ಅವನಿಗೆ ಹೇಗೆ ಗೊತ್ತಾಯಿತು? ಬಾಕ್ಸ್ ಕೂರಿಸಿ ಹೋದ ದಿನ ಹಾಕಿಟ್ಟ ಅಂಕಿಯನ್ನು ನಾನು ಬದಲಿಸಿಯೇ ಇರಲಿಲ್ಲ, ಚೀಟಿ ಟಿವಿಯ ಹಿಂದೆ ಅಂಟಿಸಿಯೇ ಇತ್ತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಅವತ್ತು ರಾತ್ರಿ ಪಿನ್ ಬದಲಿಸಿದೆ. ಆರು ಸಿನಿಮಾದ ದುಡ್ಡು ಅವನು ಮೂರು ಕಂತಿನಲ್ಲಿ ಕೊಟ್ಟ.

ರೆಕಾರ್ಡ್ ಮಾಡಿಟ್ಟುಕೊಳ್ಳಬಹುದಿತ್ತೇ?

ಬಹಳ ಜನ ಪ್ರಯತ್ನಿಸಿದರು. ಮ್ಯಾಕ್ರೋವಿಷನ್ ಎಂಬ ಕಾವಲು ಇದ್ದ ಕಡೆ ವಿಸಿಆರ್‌ಗೆ ಹಿಡಿದ ಚಿತ್ರ ಒಂದು ಗಳಿಗೆ ಬೆಳ್ಳಗೆ, ಇನ್ನೊಂದು ಗಳಿಗೆ ಕತ್ತಲು, ಉಸಿರಾಡುತ್ತಿರುವ ಹಾಗೆ. ಹಾರ್ಡ್ ಡಿಸ್ಕ್ ಇರುವ ಬಾಕ್ಸ್ ಬಂದ ಮೇಲೂ ಬಾಡಿಗೆಯ ಸಿನಿಮಾ ಅದರೊಳಗೆ ಇಳಿಯುತ್ತಿರಲಿಲ್ಲ.

ಕದ್ದು ನೋಡುವವರಿದ್ದರಂತೆ?

ಇದ್ದರು. ಅನಲಾಗ್ ಬಾಕ್ಸ್‌ಗೆ ಚಿಪ್ ಕೂರಿಸುವವರು ಪಬ್ಬಿನಲ್ಲಿ ಸಿಗುತ್ತಿದ್ದರು. ಡಿಜಿಟಲ್ ಕೇಬಲ್ಲಿನ ಬೀಗ ನಾಗ್ರಾವಿಷನ್. ಅದರ ಹಳೆಯ ಆವೃತ್ತಿ ಒಡೆದುಹೋದ ಮೇಲೆ, 2000ದ ದಶಕದಲ್ಲಿ ಸಂತೆಯಲ್ಲೇ ಕಳ್ಳ ಬಾಕ್ಸ್ ಮಾರಾಟಕ್ಕಿತ್ತು. ಎಲ್ಲ ಚಾನೆಲ್ಲೂ, ಪೇ-ಪರ್-ವ್ಯೂ ಕೂಡ, ಬಿಟ್ಟಿ. ಕೊನೆಗೆ ಬೀಗದ ಹೊಸ ಆವೃತ್ತಿ ತಂದು ಬಾಯಿ ಮುಚ್ಚಿಸಿದರು. ಹಣ ತಪ್ಪಿಸಿ ಪ್ರಸಾರ ನೋಡುವುದು 1988ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 297ರ ಅಡಿ ಅಪರಾಧ.

ಫಿಲ್ಮ್‌ಫ್ಲೆಕ್ಸ್ ಯಾಕೆ ಬಂತು?

ಆಟದ ವೇಳೆಗೆ ಕಾಯುವುದು ತಪ್ಪಿದ ಕ್ಷಣವೇ ಹಳೆಯ ಪೇ-ಪರ್-ವ್ಯೂ ಮುದುಕಾಯಿತು. 2005ರಲ್ಲಿ ಎನ್‌ಟಿಎಲ್ ಗ್ಲಾಸ್ಗೋದಿಂದಲೂ, ಟೆಲಿವೆಸ್ಟ್ ಟೆಲಿಪೋರ್ಟ್ ಎಂಬ ಹೆಸರಲ್ಲಿ ಬ್ರಿಸ್ಟಲ್ ಕಡೆಯಿಂದಲೂ ಕೇಳಿದಾಗ ಸಿಗುವ ಸೇವೆ ಶುರುಮಾಡಿದವು. ಅದಕ್ಕೆ ಸಿನಿಮಾ ಒದಗಿಸಿದ್ದು ಫಿಲ್ಮ್‌ಫ್ಲೆಕ್ಸ್. ಸೋನಿ, ಡಿಸ್ನಿ ಮತ್ತು ಆನ್ ಡಿಮ್ಯಾಂಡ್ ಗ್ರೂಪ್ ಎಂಬ ಕಂಪನಿ ಕೂಡಿ ಕಟ್ಟಿದ ಸಂಸ್ಥೆ. ಗಮನಿಸಿ, ಈ ಸಲ ಅಂಗಡಿಯಲ್ಲಿ ಸ್ಟುಡಿಯೋಗಳೇ ಪಾಲುದಾರರು. ಸ್ಕೈ ಇಲ್ಲಿಯೂ ಇಲ್ಲ.

ಒಮ್ಮೆ ದುಡ್ಡು ಕೊಟ್ಟರೆ ಇಪ್ಪತ್ನಾಲ್ಕು ಗಂಟೆ. ನಿಲ್ಲಿಸಬಹುದು, ಹಿಂದೆ ಹೋಗಬಹುದು, ಕುಕ್ಕರ್ ಇಳಿಸಿ ಬರಬಹುದು. ತಂತಿಯ ಮೇಲಿನ ಲೆಕ್ಕ ಮಾತ್ರ ತಲೆಕೆಳಗಾಯಿತು. ಹಿಂದೆ ಸಾವಿರ ಮನೆ ನೋಡಿದರೂ ಒಂದು ಆಟಕ್ಕೆ ಒಂದೇ ಹರಿವು. ಈಗ ಮನೆಗೊಂದು ಹರಿವು. ಅದನ್ನು ತಾಳಲು ಬೀದಿಗಳನ್ನು ಗುಂಪು ಗುಂಪಾಗಿ ವಿಂಗಡಿಸಿ, ಒಂದೊಂದು ಗುಂಪಿಗೂ ಇಷ್ಟು ಎಂದು ಜಾಗ ಮೀಸಲಿಡುತ್ತಿದ್ದರು. ಶನಿವಾರ ರಾತ್ರಿ ಮಳೆ ಸುರಿದು ಇಡೀ ಬೀದಿ ಒಂದೇ ಹೊತ್ತಿಗೆ ಗುಂಡಿ ಒತ್ತಿದರೆ ಕೊನೆಗೆ ಒತ್ತಿದವನಿಗೆ ಸಿಗುವುದು ಒಂದು ಕ್ಷಮಾಪಣೆಯ ಪರದೆ, ಹೌಸ್‌ಫುಲ್ ಬೋರ್ಡಿನ ಹಾಗೆ.

ಕಂಪನಿಗಳ ಹೆಸರೂ ಆಗಲೇ ಬದಲಾದವು. 2006ರಲ್ಲಿ ಎನ್‌ಟಿಎಲ್, ಟೆಲಿವೆಸ್ಟ್ ಒಂದಾದವು, 2007ರ ಫೆಬ್ರವರಿಯಲ್ಲಿ ವರ್ಜಿನ್ ಮೀಡಿಯಾ ಎಂದಾಯಿತು. ಫಿಲ್ಮ್‌ಫ್ಲೆಕ್ಸನ್ನು 2014ರಲ್ಲಿ ವೂಬಿಕ್ವಿಟಿ ಕೊಂಡುಕೊಂಡಿತು.

ಬಾಕ್ಸಿಂಗೂ ಇದೇ ಥರ ಮಾರುತ್ತಿದ್ದರಲ್ಲ?

ಜನ ಪೇ-ಪರ್-ವ್ಯೂ ಎಂದರೆ ಮೊದಲು ನೆನೆಯುವುದೇ ಅದನ್ನು. 1996ರ ಮಾರ್ಚ್ 16ರಂದು ಲಾಸ್ ವೇಗಸ್‌ನಲ್ಲಿ ಫ್ರಾಂಕ್ ಬ್ರೂನೋ ಮತ್ತು ಮೈಕ್ ಟೈಸನ್ ಕಾಳಗವನ್ನು ಸ್ಕೈ ಮುಂಗಡಕ್ಕೆ 9.95 ಪೌಂಡಿನಂತೆ ಮಾರಿತು. ಬೆಳಗಿನ ಜಾವದವರೆಗೂ ಎದ್ದು ಕೂತವರಿಗೆ ಸಿಕ್ಕದ್ದು ಮೂರೇ ಸುತ್ತು, ಬ್ರೂನೋ ಮಲಗಿದ. ಹಾಗಿದ್ದರೂ ಲಕ್ಷಗಟ್ಟಲೆ ಮನೆಗಳು ಕೊಂಡಿದ್ದವು. ಕಾಳಗ ಹಳಸುತ್ತದೆ, ಅವತ್ತೇ ನೋಡಬೇಕು. ಸಿನಿಮಾ ಹಳಸುವುದಿಲ್ಲ, ಮುಂದಿನ ವರ್ಷ ಪುಕ್ಕಟೆ ಬರುತ್ತದೆ ಎಂದು ಕಾಯಬಹುದು. ಬಾಕ್ಸಿಂಗಿಗೆ ಇದ್ದ ಬೆಲೆ ಸಿನಿಮಾಕ್ಕೆ ಯಾವತ್ತೂ ಬರಲಿಲ್ಲ.

ಕೇಬಲ್‌ನವರೂ ಒಮ್ಮೆ ಆಟೋಟಕ್ಕೆ ಕೈಹಾಕಿದ್ದರು. 2000ದ ಜೂನ್‌ನಲ್ಲಿ ಎನ್‌ಟಿಎಲ್ ಪ್ರೀಮಿಯರ್ ಲೀಗ್ ಫುಟ್‌ಬಾಲಿನ ಪೇ-ಪರ್-ವ್ಯೂ ಹಕ್ಕಿಗೆ 32.8 ಕೋಟಿ ಪೌಂಡ್ ಕೂಗಿತು. ಸೀಸನ್ನಿಗೆ 40 ಪಂದ್ಯ, ಮೂರು ವರ್ಷಕ್ಕೆ. ಮೂಗಿಗಿಂತ ಮೂಗುತಿ ಭಾರ. ಅಕ್ಟೋಬರ್ ಹೊತ್ತಿಗೆ ಕೈ ಎತ್ತಿತು. ಒಂದೂವರೆ ವರ್ಷದಲ್ಲಿ ಕಂಪನಿಯೇ ಸಾಲದ ಭಾರಕ್ಕೆ ಅಮೆರಿಕದ ದಿವಾಳಿ ಕಾನೂನಿನ ಆಶ್ರಯ ಕೇಳಬೇಕಾಯಿತು.

ಟೆಲಿಫೋನ್ ಕಂಪನಿ ಬಿಟಿಯವರು ಯಾಕೆ ಸುಮ್ಮನಿದ್ದರು? ಎಲ್ಲ ಮನೆಗೂ ಅವರ ತಂತಿ ಇತ್ತಲ್ಲ?

ಸರ್ಕಾರವೇ ತಡೆದಿತ್ತು. ಹೊಸದಾಗಿ ಅಗೆಯುತ್ತಿದ್ದ ಕೇಬಲ್ ಕಂಪನಿಗಳು ಬದುಕಿಕೊಳ್ಳಲಿ ಎಂದು, ಬಿಟಿ ತನ್ನ ತಂತಿಯ ಮೇಲೆ ಟಿವಿ ಪ್ರಸಾರ ಮಾಡದಂತೆ 2001ರವರೆಗೆ ನಿರ್ಬಂಧ ಹಾಕಿತ್ತು. ಒಬ್ಬರಿಗೇ ಕಳಿಸುವ ಸಿನಿಮಾ ಪ್ರಸಾರವಲ್ಲ ಎಂಬ ಸಂದು ಹಿಡಿದು ಬಿಟಿ 1995ರಲ್ಲಿ ಕೋಲ್ಚೆಸ್ಟರ್, ಇಪ್ಸ್‌ವಿಚ್ ಊರುಗಳ ಸುಮಾರು 2,500 ಮನೆಗಳಿಗೆ ಕೇಳಿದ ಸಿನಿಮಾ ಫೋನ್ ತಂತಿಯಲ್ಲೇ ಕಳಿಸಿ ನೋಡಿತು. ಫಿಲ್ಮ್‌ಫ್ಲೆಕ್ಸ್‌ಗಿಂತ ಹತ್ತು ವರ್ಷ ಮುಂಚೆ! ನಡೆಯಿತು, ಮುಗಿಯಿತು, ವ್ಯಾಪಾರವಾಗಲಿಲ್ಲ. ಬಿಟಿ ವಿಷನ್ ಎಂಬ ಅದರ ಟಿವಿ ಸೇವೆ ಬಂದದ್ದು 2006ರ ಡಿಸೆಂಬರ್‌ನಲ್ಲಿ.

ಹಿಂದಿ ಸಿನಿಮಾ ಸಿಗುತ್ತಿತ್ತೇ? ಕನ್ನಡ?

ಹಿಂದಿಗೆ ಬೇರೆ ದಾರಿ ಇತ್ತು. 1992ರಲ್ಲಿ ಶುರುವಾದ ಟಿವಿ ಏಷ್ಯಾ ಚಾನೆಲನ್ನು ಝೀ 1995ರಲ್ಲಿ ಕೊಂಡಿತು, 1999ರಲ್ಲಿ ಬಿಫೋರ್‌ಯು (B4U) ಚಾನೆಲ್ ಬಂತು. ಸೌತಾಲ್, ಲೆಸ್ಟರ್‌ನ ಮನೆಗಳಲ್ಲಿ ಇವೇ ಓಡುತ್ತಿದ್ದವು, ಕಡಿಮೆ ಬಿದ್ದರೆ ದಿನಸಿ ಅಂಗಡಿಯಲ್ಲಿ ಅಕ್ಕಿ ಮೂಟೆಯ ಪಕ್ಕ ಡಿವಿಡಿ.

ಕನ್ನಡದ್ದು ಒಂದೂ ನನ್ನ ಮೆನುವಿನಲ್ಲಿ ಕಂಡದ್ದಿಲ್ಲ. ನಮ್ಮದೆಲ್ಲ ಊರಿಗೆ ಹೋದವರ ಸೂಟ್‌ಕೇಸಿನಲ್ಲಿ, ಸೀರೆಯ ಮಡಿಕೆಯೊಳಗೆ ಸುತ್ತಿ ತಂದ ಸೀಡಿ. ಒಂದು ಸೀಡಿ ಮನೆಯಿಂದ ಮನೆಗೆ ತಿರುಗಿ, ಕೊನೆಗೆ ಯುಗಾದಿಯ ಕೂಟದಲ್ಲಿ ಗೀರು ಬಿದ್ದು ಮಾಲೀಕರ ಕೈ ಸೇರುತ್ತಿತ್ತು. ಅದಕ್ಕೂ ದಂಡ ಹಾಕಿದ್ದರೆ ನಾವು ಸಾಹುಕಾರರಾಗುತ್ತಿದ್ದೆವು.

ಸಿನಿಮಾಕ್ಕೆ ದುಡ್ಡು ಕೊಟ್ಟ ಮೇಲೂ ಟಿವಿ ಲೈಸೆನ್ಸ್ ಬೇಕೇ?

ಟಿವಿ ನೋಡಲು ಇಲ್ಲಿ ಮನೆಯವರು ಕಟ್ಟುವ ವರ್ಷದ ಶುಲ್ಕ ಅದು. ಪ್ರಸಾರವಾಗುತ್ತಿರುವಾಗಲೇ ನೋಡುವ ಯಾವ ಚಾನೆಲ್ಲಿಗೂ ಬೇಕು, ಹಳೆಯ ವೇಳಾಪಟ್ಟಿಯ ಪೇ-ಪರ್-ವ್ಯೂಗೂ ಬೇಕಿತ್ತು. ಕೇಳಿದಾಗ ಬರುವ ಬಾಡಿಗೆ ಸಿನಿಮಾ ಮಾತ್ರ ನೋಡುವವರಿಗೆ ಬೇಡ. ಆದರೆ ಬಿಬಿಸಿಯ ಐಪ್ಲೇಯರ್ ಎಂಬ ಆನ್‌ಲೈನ್ ಸೇವೆ ತೆರೆದಿರೋ, ಬೇಕು. ಅದು 2016ರ ಸೆಪ್ಟೆಂಬರ್‌ನಿಂದ.

ಈಗ ಆ ವ್ಯಾಪಾರ ಎಲ್ಲಿಗೆ ಬಂತು?

2012ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಇಲ್ಲಿ ಅಂಗಡಿ ತೆರೆಯಿತು. ಸ್ಕೈ ಸಿನಿಮಾ ಹಕ್ಕುಗಳನ್ನು ಗುತ್ತಿಗೆ ಹಿಡಿದಿದೆ ಎಂಬ ದೂರನ್ನು ವರ್ಷಗಟ್ಟಲೆ ವಿಚಾರಿಸುತ್ತಿದ್ದ ಸ್ಪರ್ಧಾ ಆಯೋಗ ಅದೇ ಆಗಸ್ಟ್‌ನಲ್ಲಿ, ಈಗ ಜನರಿಗೆ ಬೇರೆ ದಾರಿಗಳಿವೆ ಎಂದು ಕಡತ ಮುಚ್ಚಿತು. ಕೇಬಲ್‌ನವರು ಹದಿನೈದು ವರ್ಷ ಗುದ್ದಾಡಿದ ಗೋಡೆ ಹೀಗೆ ಪಕ್ಕದಿಂದ ಬಂದವನ ಕೈಯಲ್ಲಿ ಬಿತ್ತು. ಮರುವರ್ಷ ಬ್ಲಾಕ್‌ಬಸ್ಟರ್ ಎಂಬ ವಿಡಿಯೋ ಬಾಡಿಗೆ ಅಂಗಡಿಗಳೂ ಬಾಗಿಲು ಹಾಕಿದವು.

ಬಿಡಿಯಾಗಿ ಕೊಳ್ಳುವ ಅಭ್ಯಾಸ ಮಾತ್ರ ಸಾಯಲಿಲ್ಲ. ಅಮೆಜಾನ್, ಆ್ಯಪಲ್‌ನಲ್ಲಿ ಬಾಡಿಗೆ ಎಂದು ಒತ್ತುವುದು ಅದೇ ಹಳೆಯ ಗುಂಡಿ. 2020ರ ಏಪ್ರಿಲ್‌ನಲ್ಲಿ ಥಿಯೇಟರ್ ಮುಚ್ಚಿದ್ದಾಗ ಯೂನಿವರ್ಸಲ್ ಹೊಚ್ಚ ಹೊಸ ಸಿನಿಮಾವನ್ನು ನೇರ ಮನೆಗೇ 15.99 ಪೌಂಡಿಗೆ ಬಾಡಿಗೆ ಬಿಟ್ಟಿತು. ನನ್ನ ಮಗಳು ಒತ್ತಿಸಿದಳು. ಮೂರೂವರೆ ಪೌಂಡಿಗೆ ನಾಲ್ವರು ಹುಡುಗರು ಮತದಾನ ಮಾಡುತ್ತಿದ್ದ ಕಾಲ ನೆನಪಾಗಿ ಹೊಟ್ಟೆ ಉರಿಯಿತು.

ಅಟ್ಟದಲ್ಲಿ ಹಳೆಯ ಕೇಬಲ್ ಬಾಕ್ಸ್ ಸಿಕ್ಕಿದೆ. ಹಚ್ಚಿದರೆ ಏನಾದರೂ ಬರುತ್ತದೆಯೇ?

ಮುಂದಿನ ಗಾಜಿನಲ್ಲಿ ದೀಪ ಹೊತ್ತೀತು. ಸಿನಿಮಾ ಬರುವುದಿಲ್ಲ. ಬಾಕ್ಸ್ ಸಾಮಾನ್ಯವಾಗಿ ಕಂಪನಿಯ ಸ್ವತ್ತು, ಹಾಗಾಗಿ ಎಸೆಯುವ ಮುಂಚೆ ಒಮ್ಮೆ ವಿಚಾರಿಸಿ. ಹಿಂದೆ ಪಿನ್ ಚೀಟಿ ಅಂಟಿಸಿದ್ದರೆ ಅದನ್ನು ಕಿತ್ತುಬಿಡಿ, ಬಹುಶಃ ಅದೇ ನಾಲ್ಕಂಕಿ ಈಗ ನಿಮ್ಮ ಬ್ಯಾಂಕ್ ಕಾರ್ಡಿಗೂ ಇದ್ದೀತು.